ಉಕ್ಕು ಕರಗಬೇಕಾಗಿಲ್ಲ, ಮೆತ್ತಗಾದರೆ ಸಾಕು

ಕುಡುಗೋಲು ಮಾಡುವ ಕಮ್ಮಾರ ಕಬ್ಬಿಣವನ್ನು ಕರಗಿಸುವುದಿಲ್ಲ. ತಿದಿಯೊತ್ತಿ ಇದ್ದಿಲ ಕೆಂಡವನ್ನು ಕೆರಳಿಸುತ್ತಾನೆ. ಪಟ್ಟಿ ಕೆಂಪಗೆ ಕಾದೊಡನೆ ಇಕ್ಕಳದಿಂದ ಹೊರತೆಗೆದು, ಅಡಿಗಲ್ಲಿನ ಮೇಲಿಟ್ಟು ಬಡಿಯುತ್ತಾನೆ. ತಣ್ಣಗಿದ್ದಾಗ ಎಷ್ಟು ಬಡಿದರೂ ಜಗ್ಗದ ಲೋಹ ಈಗ ಅವನು ಹೇಳಿದ ಕಡೆಗೆ ಬಾಗುತ್ತದೆ. ಅದು ದ್ರವವಾಗಿಲ್ಲ, ಘನವಾಗಿಯೇ ಇದೆ. ಆದರೆ ಅದರ ಬಲ ಉಡುಗಿದೆ. ಕುಲುಮೆಯ ಮುಂದೆ ನಿಂತು ನೋಡಿದ ಯಾರಿಗೂ ತಿಳಿಯುವ ಈ ಸಂಗತಿಯನ್ನು ಮರೆತದ್ದರಿಂದ ಜಗತ್ತಿನ ಬಹು ದೊಡ್ಡ ವದಂತಿಯೊಂದಕ್ಕೆ ಕಾಲು ಬಂದವು.

2001ರ ಸೆಪ್ಟೆಂಬರ್ 11, ಮಂಗಳವಾರ. ಅಲ್ ಖೈದಾ ಸಂಘಟನೆಯ 19 ಮಂದಿ ಅಮೆರಿಕದಲ್ಲಿ ನಾಲ್ಕು ಪ್ರಯಾಣಿಕ ವಿಮಾನಗಳನ್ನು ಅಪಹರಿಸಿದರು. ಬೆಳಿಗ್ಗೆ 8.46ಕ್ಕೆ ಮೊದಲನೆಯ ವಿಮಾನ ನ್ಯೂಯಾರ್ಕಿನ ವಿಶ್ವ ವಾಣಿಜ್ಯ ಕೇಂದ್ರದ ಉತ್ತರ ಗೋಪುರಕ್ಕೆ, 9.03ಕ್ಕೆ ಎರಡನೆಯದು ದಕ್ಷಿಣ ಗೋಪುರಕ್ಕೆ ಅಪ್ಪಳಿಸಿತು. ಮೂರನೆಯದು 9.37ಕ್ಕೆ ರಕ್ಷಣಾ ಇಲಾಖೆಯ ಕೇಂದ್ರ ಕಚೇರಿಯಾದ ಪೆಂಟಗನ್‌ಗೆ ಬಡಿಯಿತು. ನಾಲ್ಕನೆಯದರಲ್ಲಿ ಪ್ರಯಾಣಿಕರು ಅಪಹರಣಕಾರರ ಮೇಲೆ ತಿರುಗಿಬಿದ್ದರು. ಆ ವಿಮಾನ ಪೆನ್ಸಿಲ್ವೇನಿಯಾದ ಬಯಲೊಂದರಲ್ಲಿ ನೆಲಕ್ಕೆ ಬಿತ್ತು. 110 ಅಂತಸ್ತುಗಳ ಎರಡೂ ಗೋಪುರಗಳು ಎರಡು ಗಂಟೆ ಕಳೆಯುವುದರೊಳಗೆ ಕುಸಿದವು. ಅಪಹರಣಕಾರರನ್ನು ಬಿಟ್ಟು ಅಂದು ಪ್ರಾಣ ಕಳೆದುಕೊಂಡವರು 2,977 ಮಂದಿ.

ಆಗ ಅಮೆರಿಕದ ಅಧ್ಯಕ್ಷರಾಗಿದ್ದವರು ಜಾರ್ಜ್ ಡಬ್ಲ್ಯು. ಬುಷ್. ದಾಳಿಯ ಹೊಗೆ ಆರುವ ಮೊದಲೇ ಅವರ ಸುತ್ತ ಗುಸುಗುಸು ಎದ್ದಿತು. ಗೋಪುರಗಳನ್ನು ಬೀಳಿಸಿದ್ದು ವಿಮಾನಗಳಲ್ಲ, ಒಳಗೆ ಮೊದಲೇ ಅಡಗಿಸಿಟ್ಟಿದ್ದ ಸ್ಫೋಟಕಗಳು. ಯುದ್ಧಕ್ಕೆ ನೆಪ ಬೇಕಾಗಿದ್ದ ಅಧ್ಯಕ್ಷರಿಗೆ ಎಲ್ಲವೂ ಮುಂಚೆಯೇ ಗೊತ್ತಿತ್ತು ಎಂಬುದು ಅದರ ಸಾರ. ಇದರ ಮೇಲೆ ಪುಸ್ತಕಗಳು ಬಂದವು, ಚಿತ್ರಗಳು ಬಂದವು. ಆಗಿನ್ನೂ ಹುಟ್ಟಿರದಿದ್ದ ಮಕ್ಕಳ ಕೈಯ ಮೊಬೈಲಿಗೂ ಇಂದು ಅವು ಬಂದು ತಲುಪುತ್ತಿವೆ. ಈ ವಾದ ತಾಪ, ವೇಗ, ಗುರುತ್ವ ಎಂದು ವಿಜ್ಞಾನದ ಮಾತನ್ನೇ ಆಡುತ್ತದೆ. ಆದ್ದರಿಂದ ಅದನ್ನು ವಿಜ್ಞಾನದ ತಕ್ಕಡಿಯಲ್ಲೇ ತೂಗಿ ನೋಡುವುದು ನ್ಯಾಯ.

ಬೆಂಕಿಯ ಲೆಕ್ಕ

ವದಂತಿಯ ಮೊದಲ ಮಾತು ಹೀಗಿದೆ: ಉಕ್ಕು ಕರಗುವುದು ಸುಮಾರು 1,500 ಡಿಗ್ರಿ ಸೆಲ್ಸಿಯಸ್‌ನಲ್ಲಿ. ವಿಮಾನದ ಇಂಧನ ಎಂದರೆ ಶುದ್ಧೀಕರಿಸಿದ ಸೀಮೆಎಣ್ಣೆ. ಅದು ಗಾಳಿಯಲ್ಲಿ ಉರಿದರೆ ಸುಮಾರು 1,000 ಡಿಗ್ರಿ ಬರಬಹುದು. ಅಂದಮೇಲೆ ಉಕ್ಕು ಕರಗಿದ್ದು ಹೇಗೆ?

ಎರಡು ಅಂಕಿಗಳೂ ಸರಿ, ಪ್ರಶ್ನೆಯೇ ತಪ್ಪು. ಗೋಪುರ ಬೀಳಲು ಉಕ್ಕು ಕರಗಬೇಕಾಗಿರಲಿಲ್ಲ. ಸುಮಾರು 600 ಡಿಗ್ರಿಯ ಹೊತ್ತಿಗೆ ಕಟ್ಟಡದ ಉಕ್ಕು ತನ್ನ ಬಲದಲ್ಲಿ ಅರ್ಧದಷ್ಟನ್ನು ಕಳೆದುಕೊಳ್ಳುತ್ತದೆ. 1,000 ಡಿಗ್ರಿಗೆ ಉಳಿಯುವುದು ಹತ್ತನೇ ಒಂದು ಭಾಗ ಮಾತ್ರ. ಇದಕ್ಕಾಗಿಯೇ ಉಕ್ಕಿನ ಕಟ್ಟಡಗಳ ತೊಲೆ, ಕಂಬಗಳಿಗೆ ಶಾಖ ತಟ್ಟದಂತೆ ಲೇಪ ಬಳಿಯುತ್ತಾರೆ. ಬೆಂಕಿಗೆ ಉಕ್ಕು ಜಗ್ಗದು ಎನ್ನುವುದಾದರೆ ಆ ಲೇಪಕ್ಕೆ ಹಣ ಸುರಿಯುವ ಅಗತ್ಯವೇ ಇರುತ್ತಿರಲಿಲ್ಲ.

ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆ 2002ರಲ್ಲಿ ತನಿಖೆ ಆರಂಭಿಸಿ, ಅವಳಿ ಗೋಪುರಗಳ ಬಗ್ಗೆ 2005ರಲ್ಲಿ ಅಂತಿಮ ವರದಿ ಕೊಟ್ಟಿತು. ಅದು ಹೇಳುವ ಕ್ರಮ ಹೀಗಿದೆ. ವಿಮಾನ ನುಗ್ಗಿದ ರಭಸಕ್ಕೆ ಹಲವು ಕಂಬಗಳು ಕತ್ತರಿಸಿಹೋದವು. ಉಕ್ಕಿಗೆ ಬಳಿದಿದ್ದ ಲೇಪ ಉದುರಿತು. ಇಂಧನದ ಬಹುಪಾಲು ಕೆಲವೇ ನಿಮಿಷಗಳಲ್ಲಿ ಉರಿದು ಮುಗಿಯಿತು. ಅದು ಬೆಂಕಿಕಡ್ಡಿಯ ಕೆಲಸ ಮಾಡಿತಷ್ಟೆ. ಆಮೇಲೆ ಉರಿದದ್ದು ಕಚೇರಿಗಳ ಕಾಗದ, ಮೇಜು, ಕುರ್ಚಿ, ನೆಲಹಾಸು. ಕಾದ ಅಂತಸ್ತುಗಳು ಜೋತುಬಿದ್ದು ಹೊರಗೋಡೆಯ ಕಂಬಗಳನ್ನು ಒಳಕ್ಕೆ ಜಗ್ಗಿದವು. ಕುಸಿತಕ್ಕೆ ಮುಂಚೆ ಹೊರಗೋಡೆ ಒಳಕ್ಕೆ ಬಾಗಿದ್ದುದು ಅಂದಿನ ಛಾಯಾಚಿತ್ರಗಳಲ್ಲಿ ಕಾಣುತ್ತದೆ. ಕೊನೆಗೆ ಕಂಬಗಳು ಸೋತಾಗ ಮೇಲಿದ್ದ ಭಾಗ ಇಡಿಯಾಗಿ ಕೆಳಗೆ ಬಂತು.

ಒಂದು ವಿವರಣೆ ಸರಿಯೇ ಎಂದು ನೋಡಲು ವಿದ್ಯಾರ್ಥಿಗಳು ಇನ್ನೊಂದು ಪ್ರಶ್ನೆ ಕೇಳಬಹುದು. ಮೊದಲು ಏಟು ತಿಂದ ಉತ್ತರ ಗೋಪುರ 102 ನಿಮಿಷ ನಿಂತಿತ್ತು. ಆಮೇಲೆ ಏಟು ತಿಂದ ದಕ್ಷಿಣ ಗೋಪುರ 56 ನಿಮಿಷಕ್ಕೇ ಬಿತ್ತು. ಯಾಕೆ? ಉತ್ತರ ಗೋಪುರಕ್ಕೆ ವಿಮಾನ ಬಡಿದದ್ದು 93ರಿಂದ 99ನೇ ಅಂತಸ್ತಿನ ನಡುವೆ, ದಕ್ಷಿಣ ಗೋಪುರಕ್ಕೆ 77ರಿಂದ 85ರ ನಡುವೆ. ಎರಡನೆಯ ವಿಮಾನದ ವೇಗವೂ ಹೆಚ್ಚಾಗಿತ್ತು. ಸೋತ ಕಂಬಗಳ ಮೇಲೆ ಹೆಚ್ಚು ಅಂತಸ್ತುಗಳ ಭಾರವಿದ್ದ ಗೋಪುರ ಮೊದಲು ಬಿತ್ತು. ಬೆಂಕಿ ಮತ್ತು ಭಾರದ ವಿವರಣೆಗೆ ಇದು ಸಲೀಸಾಗಿ ಹೊಂದುತ್ತದೆ.

ವದಂತಿಯವರು ಥರ್ಮಿಟ್ ಎಂಬ ಮಿಶ್ರಣದ ಹೆಸರನ್ನೂ ಹೇಳುತ್ತಾರೆ. ರೈಲು ಹಳಿಗಳನ್ನು ಬೆಸೆಯಲು ಬಳಸುವ, ಕಬ್ಬಿಣದ ಆಕ್ಸೈಡ್ ಮತ್ತು ಅಲ್ಯೂಮಿನಿಯಂ ಪುಡಿಯ ಮಿಶ್ರಣವದು. ಹತ್ತನೇ ತರಗತಿಯ ಪುಸ್ತಕದಲ್ಲೇ ಅದರ ಸಮೀಕರಣವಿದೆ. ಅವಶೇಷಗಳ ದೂಳಿನಲ್ಲಿ ಈ ಎರಡೂ ಸಿಕ್ಕವು ಎಂಬುದು ವಾದ. ಆದರೆ ಉಕ್ಕಿನ ಕಟ್ಟಡದಲ್ಲಿ ತುಕ್ಕಿಗೂ ಬಣ್ಣಕ್ಕೂ ಬರವಿಲ್ಲ. ವಿಮಾನದ ಮೈಯೇ ಅಲ್ಯೂಮಿನಿಯಂ. ಅಡುಗೆಮನೆಯಲ್ಲಿ ಉಪ್ಪೂ ಹುಳಿಯೂ ಇದ್ದ ಮಾತ್ರಕ್ಕೆ ಅಲ್ಲಿ ಉಪ್ಪಿನಕಾಯಿ ಹಾಕಿದ್ದರು ಎಂದು ಸಾಧಿಸಿದಂತಾಗುವುದಿಲ್ಲ.

ಮೇಷ್ಟ್ರು ಕೇಳಿದ ಪ್ರಶ್ನೆ

ಹಾಗಾದರೆ ಸಂಶಯಪಟ್ಟವರೆಲ್ಲ ದಡ್ಡರೇ? ಖಂಡಿತ ಅಲ್ಲ. ಅಂದು ಸಂಜೆ 5.20ಕ್ಕೆ ಮೂರನೆಯ ಕಟ್ಟಡವೊಂದು ಕುಸಿಯಿತು. ಏಳನೇ ಸಂಖ್ಯೆಯ ಆ ಕಟ್ಟಡಕ್ಕೆ 47 ಅಂತಸ್ತು. ವಿಮಾನ ಅದಕ್ಕೆ ಬಡಿದಿರಲೇ ಇಲ್ಲ. ಉತ್ತರ ಗೋಪುರ ಬಿದ್ದಾಗ ಸಿಡಿದ ಅವಶೇಷಗಳಿಂದ ಹೊತ್ತಿಕೊಂಡ ಬೆಂಕಿ ಅಲ್ಲಿ ಸುಮಾರು ಏಳು ಗಂಟೆ ಉರಿಯಿತು. ನೀರಿನ ಕೊಳವೆ ಒಡೆದಿದ್ದರಿಂದ ಕೆಳಗಿನ ಅಂತಸ್ತುಗಳ ಬೆಂಕಿ ಆರಿಸಲು ನೀರು ಸಿಗಲಿಲ್ಲ. ಕಾದ ತೊಲೆಗಳು ಹಿಗ್ಗಿ, ಒಂದು ಮುಖ್ಯ ತೊಲೆಯನ್ನು ಅದರ ಆಸರೆಯಿಂದ ತಳ್ಳಿಹಾಕಿದವು. ಅಲ್ಲಿಂದ ಕುಸಿತ ಆರಂಭವಾಯಿತು ಎಂದು ಅದೇ ಸಂಸ್ಥೆ ಹೇಳಿತು.

2008ರ ಆಗಸ್ಟ್‌ನಲ್ಲಿ ಬಂದ ಕರಡು ವರದಿಯಲ್ಲಿ ಒಂದು ಲೆಕ್ಕವಿತ್ತು. ಕಟ್ಟಡದ ನೆತ್ತಿ ಸುಮಾರು 74 ಮೀಟರ್ ಇಳಿಯಲು 5.4 ಸೆಕೆಂಡ್ ಹಿಡಿಯಿತು. ಏನೂ ತಡೆಯಿಲ್ಲದೆ ಬಿದ್ದಿದ್ದರೆ ಎಷ್ಟು ಹಿಡಿಯುತ್ತಿತ್ತು? ಬಿದ್ದ ದೂರ ಎಂದರೆ ಗುರುತ್ವ ವೇಗೋತ್ಕರ್ಷದ ಅರ್ಧವನ್ನು ಕಾಲದ ವರ್ಗದಿಂದ ಗುಣಿಸಿದ್ದು. 4.9 × 3.9 × 3.9 ಎಂದು ಗುಣಿಸಿ ನೋಡಿ, 74.5 ಬರುತ್ತದೆ. ಅಂದರೆ 3.9 ಸೆಕೆಂಡ್ ಸಾಕಿತ್ತು. ನಿಜವಾಗಿ ಹಿಡಿದದ್ದು ಅದಕ್ಕಿಂತ ಶೇಕಡಾ 40ರಷ್ಟು ಹೆಚ್ಚು. ಆದ್ದರಿಂದ ಅದು ಮುಕ್ತ ಪತನವಲ್ಲ ಎಂದು ಕರಡು ಹೇಳಿತು.

ಅಮೆರಿಕದ ಶಾಲೆಯೊಂದರ ಭೌತಶಾಸ್ತ್ರದ ಮೇಷ್ಟ್ರೊಬ್ಬರು ಇದನ್ನು ಒಪ್ಪಲಿಲ್ಲ. ಕುಸಿತದ ವಿಡಿಯೋ ಚಿತ್ರವನ್ನು ಕ್ಷಣಕ್ಷಣವಾಗಿ ಅಳೆದರು. ಒಟ್ಟು ಕಾಲದ ಸರಾಸರಿ ಬೇಡ, ನಡುವೆ ಎರಡು ಸೆಕೆಂಡಿಗೂ ಹೆಚ್ಚು ಕಾಲ ಕಟ್ಟಡ ಮುಕ್ತವಾಗಿಯೇ ಬಿದ್ದಿದೆ, ನೋಡಿ ಎಂದರು. ಸಂಸ್ಥೆ ಮತ್ತೆ ಅಳೆಯಿತು. ಅದೇ ವರ್ಷ ನವೆಂಬರ್‌ನಲ್ಲಿ ಬಂದ ಅಂತಿಮ ವರದಿಯಲ್ಲಿ 2.25 ಸೆಕೆಂಡ್ ಕಾಲದ, ಸುಮಾರು ಎಂಟು ಅಂತಸ್ತಿನಷ್ಟು ಎತ್ತರದ ಮುಕ್ತ ಪತನವನ್ನು ಒಪ್ಪಿಕೊಂಡಿತು. ಒಳಗಿನ ರಚನೆ ಆ ಹೊತ್ತಿಗೆ ಕುಸಿದಿತ್ತು. ಹೊರಗಿನ ಕಂಬಗಳು ಮಡಿಚಿಕೊಂಡ ಮೇಲೆ ಆ ಎಂಟು ಅಂತಸ್ತುಗಳಲ್ಲಿ ತಡೆಯುವಂಥದು ಉಳಿದಿರಲಿಲ್ಲ ಎಂದು ಕಾರಣವನ್ನೂ ಕೊಟ್ಟಿತು.

ಸರ್ಕಾರಿ ಸಂಸ್ಥೆಯನ್ನು ಒಬ್ಬ ಮೇಷ್ಟ್ರು ತಿದ್ದಿದ್ದು ಹೆಮ್ಮೆಯ ಸಂಗತಿಯೇ. ಆದರೆ ಅವರು ಮುಂದೆ ಇಟ್ಟ ಹೆಜ್ಜೆ ಬೇರೆ. ಮುಕ್ತ ಪತನವಾಗಿದೆ, ಆದ್ದರಿಂದ ಸ್ಫೋಟಕವೇ ಇರಬೇಕು ಎಂದರು. ಮೊದಲನೆಯದು ಅಳತೆ, ಎರಡನೆಯದು ಊಹೆ. ಊಹೆಗೂ ಬೇರೆ ಪರೀಕ್ಷೆ ಬೇಕು. ಆ ಮುಖ್ಯ ಕಂಬವನ್ನು ಕತ್ತರಿಸುವಷ್ಟು ಸ್ಫೋಟಕ ಸಿಡಿದಿದ್ದರೆ 800 ಮೀಟರ್ ದೂರದಲ್ಲೂ 130ರಿಂದ 140 ಡೆಸಿಬೆಲ್ ಸದ್ದು ಕೇಳಬೇಕಿತ್ತು ಎಂದು ಸಂಸ್ಥೆ ಲೆಕ್ಕ ಹಾಕಿತು. ಕಿವಿ ನೋಯುವಷ್ಟು ಸದ್ದದು. ಸುತ್ತ ಹತ್ತಾರು ಕ್ಯಾಮೆರಾಗಳಿದ್ದವು. ಅಂಥ ಸದ್ದು ಯಾವ ಮುದ್ರಣದಲ್ಲೂ ಇಲ್ಲ.

ಅಧ್ಯಕ್ಷರ ಏಳು ನಿಮಿಷ

ಇನ್ನು ಅಧ್ಯಕ್ಷರ ಮಾತು. ಅಂದು ಬೆಳಿಗ್ಗೆ ಬುಷ್ ಫ್ಲಾರಿಡಾದ ಸರಸೋಟಾ ಊರಿನ ಪ್ರಾಥಮಿಕ ಶಾಲೆಯೊಂದರಲ್ಲಿ ಮಕ್ಕಳ ಓದು ಕೇಳುತ್ತ ಕುಳಿತಿದ್ದರು. ಎರಡನೆಯ ವಿಮಾನ ಬಡಿದ ಸುದ್ದಿಯನ್ನು ಅವರ ಸಿಬ್ಬಂದಿ ಮುಖ್ಯಸ್ಥ ಆಂಡ್ರೂ ಕಾರ್ಡ್ ಕಿವಿಯಲ್ಲಿ ಹೇಳಿದರು. ಅಧ್ಯಕ್ಷರು ತಕ್ಷಣ ಏಳಲಿಲ್ಲ. ಐದರಿಂದ ಏಳು ನಿಮಿಷ ಕುಳಿತೇ ಇದ್ದರು. ಗಾಬರಿ ತೋರಿಸಬಾರದೆಂದು ಹಾಗೆ ಮಾಡಿದೆ ಎಂದು ಆಮೇಲೆ ಹೇಳಿದರು. ಅದು ಸರಿಯೋ ತಪ್ಪೋ ಎಂದು ಚರ್ಚಿಸಬಹುದು. ಆದರೆ ಮೊದಲೇ ಗೊತ್ತಿದ್ದುದರಿಂದಲೇ ಕುಳಿತರು ಎನ್ನುವವರು, ಅವರು ದಿಢೀರನೆ ಎದ್ದು ಹೋಗಿದ್ದರೆ ಏನೆನ್ನುತ್ತಿದ್ದರು? ಅದನ್ನೂ ನಾಟಕ ಎನ್ನಲು ಅಡ್ಡಿಯಿರಲಿಲ್ಲ. ಹೀಗಾದರೂ ಸರಿ, ಹಾಗಾದರೂ ಸರಿ ಎನ್ನುವ ವಾದವನ್ನು ಪರೀಕ್ಷಿಸುವುದು ಸಾಧ್ಯವಿಲ್ಲ.

ಬುಷ್ ಇನ್ನೊಂದು ಎಡವಟ್ಟು ಮಾಡಿದರು. ತರಗತಿಗೆ ಹೋಗುವ ಮುಂಚೆ ಮೊದಲ ವಿಮಾನ ಬಡಿಯುವುದನ್ನು ಟಿ.ವಿ.ಯಲ್ಲಿ ನೋಡಿದೆ ಎಂದು 2001ರ ಡಿಸೆಂಬರ್‌ನಲ್ಲಿ ಹೇಳಿಬಿಟ್ಟರು. ಆ ಹೊತ್ತಿಗೆ ಅದನ್ನು ಯಾವ ವಾಹಿನಿಯೂ ತೋರಿಸಿರಲಿಲ್ಲ. ರಹಸ್ಯ ಕ್ಯಾಮೆರಾದಲ್ಲಿ ನೋಡಿರಬೇಕು ಎಂಬ ಕೂಗೆದ್ದಿತು. 2004ರಲ್ಲಿ ಡೇನಿಯಲ್ ಗ್ರೀನ್‌ಬರ್ಗ್ ಎಂಬ ಮನೋವಿಜ್ಞಾನಿ ಬುಷ್ ಬೇರೆ ಬೇರೆ ಸಲ ಹೇಳಿದ್ದನ್ನೆಲ್ಲ ಹೋಲಿಸಿ, ಇದು ನೆನಪಿನ ಕಲಬೆರಕೆ ಎಂದು ತೋರಿಸಿದರು. ದೊಡ್ಡ ಆಘಾತದ ನೆನಪು ಬಹಳ ನಿಚ್ಚಳವಾಗಿರುತ್ತದೆ, ಆದರೆ ನಿಖರವಾಗಿರಬೇಕಾಗಿಲ್ಲ. 1986ರಲ್ಲಿ ಚಾಲೆಂಜರ್ ಗಗನನೌಕೆ ಸಿಡಿದ ಮರುದಿನ ಕಾಲೇಜು ವಿದ್ಯಾರ್ಥಿಗಳಿಂದ ಅನುಭವ ಬರೆಸಿ, ವರ್ಷಗಳ ಬಳಿಕ ಮತ್ತೆ ಕೇಳಿದಾಗ ಹಲವರು ಬೇರೆಯೇ ಕಥೆ ಹೇಳಿದ್ದರು, ಅದೂ ಪೂರ್ತಿ ನಂಬಿಕೆಯಿಂದ.

ಹಾಗೆಂದು ಬುಷ್ ಸರ್ಕಾರ ನಿರ್ದೋಷಿ ಎಂದಲ್ಲ. 2001ರ ಆಗಸ್ಟ್ 6ರಂದು ಗುಪ್ತಚರ ಸಂಸ್ಥೆ ಅಧ್ಯಕ್ಷರಿಗೆ ಕೊಟ್ಟ ಟಿಪ್ಪಣಿಯ ತಲೆಬರಹವೇ ಬಿನ್ ಲಾಡೆನ್ ಅಮೆರಿಕದೊಳಗೆ ದಾಳಿ ಮಾಡಲು ಹವಣಿಸಿದ್ದಾನೆ ಎಂದಿತ್ತು. ಖಚಿತವಾದ ದಿನ, ಸ್ಥಳ, ವಿಧಾನ ಯಾವುದೂ ಅದರಲ್ಲಿರಲಿಲ್ಲ. ಇಬ್ಬರು ಅಪಹರಣಕಾರರು ದೇಶದೊಳಕ್ಕೆ ಬಂದ ಮಾಹಿತಿ ಒಂದು ಗುಪ್ತಚರ ಸಂಸ್ಥೆಯಲ್ಲಿತ್ತು. ಇನ್ನೊಂದಕ್ಕೆ ಅದು ಹೊತ್ತಿಗೆ ಸರಿಯಾಗಿ ತಲುಪಲಿಲ್ಲ. ಇದನ್ನೆಲ್ಲ ಬಯಲಿಗೆಳೆದದ್ದು 2004ರ ಜುಲೈನಲ್ಲಿ ವರದಿ ಕೊಟ್ಟ ತನಿಖಾ ಆಯೋಗ. ಆಯೋಗ ಬೇಕೆಂದು ಪಟ್ಟುಹಿಡಿದವರಲ್ಲಿ ಸತ್ತವರ ಮನೆಯವರು ಮುಂದಿದ್ದರು. ಸರ್ವನಾಶಕ ಅಸ್ತ್ರಗಳಿವೆ ಎಂದು ಹೇಳಿ 2003ರಲ್ಲಿ ಇರಾಕ್ ಮೇಲೆ ಯುದ್ಧ ಹೂಡಿದ್ದೂ ಅದೇ ಸರ್ಕಾರ. ಅಲ್ಲಿ ಅಂಥ ಅಸ್ತ್ರಗಳ ದಾಸ್ತಾನು ಸಿಗಲೇ ಇಲ್ಲ. ಉತ್ತರ ಕೊಡಬೇಕಾದ ಪ್ರಶ್ನೆಗಳು ಇವು. ಅಡಗಿಸಿಟ್ಟ ಸ್ಫೋಟಕವನ್ನು ಹುಡುಕುತ್ತ ಕುಳಿತವರಿಂದ ಯಾವ ಅಧಿಕಾರಿಗೂ ತೊಂದರೆಯಾಗಲಿಲ್ಲ. ತೊಂದರೆಯಾದದ್ದು ಬೇರೆಯವರಿಗೆ: ಯೆಹೂದಿಗಳಿಗೆ ಮೊದಲೇ ಗೊತ್ತಿತ್ತು, ಅಂದು ಅವರು ಕೆಲಸಕ್ಕೇ ಬಂದಿರಲಿಲ್ಲ ಎಂಬ ಹಸಿ ಸುಳ್ಳೂ ಇದೇ ಬಾಯಿಗಳಲ್ಲಿ ಓಡಾಡಿತು. ಸತ್ತವರಲ್ಲಿ ನೂರಾರು ಯೆಹೂದಿಗಳಿದ್ದರು.

ಮಕ್ಕಳು ಇಂಥ ವಿಡಿಯೋ ತಂದು ತೋರಿಸಿದಾಗ ತಂದೆತಾಯಿಗಳು ಗದರಿಸಿ ಸುಮ್ಮನಾಗಿಸಬಾರದು. ಗದರಿಸಿದರೆ, ಏನೋ ಮುಚ್ಚಿಡುತ್ತಿದ್ದಾರೆ ಎಂಬ ಗುಮಾನಿ ಬಲಿಯುತ್ತದೆ. ಒಟ್ಟಿಗೆ ಕುಳಿತು ನೋಡಿ, ಒಂದು ಪ್ರಶ್ನೆ ಕೇಳಿ: ಏನು ಸಿಕ್ಕರೆ ಈ ಮಾತು ತಪ್ಪೆಂದು ನೀನು ಒಪ್ಪುತ್ತೀಯ? ಏನು ಸಿಕ್ಕರೂ ಒಪ್ಪುವುದಿಲ್ಲ ಎಂದಾದರೆ ಅದು ಸಂಶಯವಲ್ಲ, ಹಟ.

ನೆನಪಿನ ಮಾತನ್ನು ಮನೆಯಲ್ಲೇ ಪರೀಕ್ಷಿಸಬಹುದು. ಪರೀಕ್ಷೆಯ ಫಲಿತಾಂಶ ಬಂದ ದಿನ ರಾತ್ರಿ, ಸುದ್ದಿ ತಿಳಿದಾಗ ಎಲ್ಲಿದ್ದಿರಿ, ಯಾರು ಹೇಳಿದರು, ಮೊದಲು ಯಾರಿಗೆ ಹೇಳಿದಿರಿ ಎಂದು ಮನೆಯವರೆಲ್ಲ ಬೇರೆ ಬೇರೆಯಾಗಿ ಬರೆದು ಲಕೋಟೆಯಲ್ಲಿ ಅಂಟಿಸಿಡಿ. ಎರಡು ವರ್ಷ ಬಿಟ್ಟು, ಲಕೋಟೆ ಒಡೆಯುವ ಮೊದಲು, ಅದೇ ಪ್ರಶ್ನೆಗಳಿಗೆ ಇನ್ನೊಮ್ಮೆ ಬರೆಯಿರಿ. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ.