ಹಿತ್ತಾಳೆಯ ಕೊರಳು

ಧನುರ್ಮಾಸ ಬಂತೆಂದರೆ ಮಾದಿಹಳ್ಳಿಯ ಸುತ್ತಿನ ಊರುಗಳಲ್ಲಿ ಮದುವೆಯ ಮಾತಿಲ್ಲ. ಡಿಸೆಂಬರ್ 16ರ ಸುಮಾರಿಗೆ ಸೂರ್ಯನು ಧನುರಾಶಿಯನ್ನು ಪ್ರವೇಶಿಸಿದನೆಂದರೆ ಸಂಕ್ರಾಂತಿಯವರೆಗೆ ಮುಹೂರ್ತಗಳಿಗೆ ಬಿಡುವು. ನಸುಕಿನಲ್ಲೆದ್ದು ಮಿಂದು, ಚಳಿಯಲ್ಲಿ ನಡುಗುತ್ತ ದೇವಸ್ಥಾನಕ್ಕೆ ಹೋಗಿ, ಬಿಸಿ ಹುಗ್ಗಿಯ ಪ್ರಸಾದವನ್ನು ಕೈಯಲ್ಲಿ ಹಿಡಿದು ಬರುವ ದಿನಗಳು ಅವು. ದಿಬ್ಬಣದ ಮುಂದೆ ಬಣ್ಣದ ಕೋಟು ತೊಟ್ಟು ನಡೆಯುವ ಬ್ಯಾಂಡ್ ಸೆಟ್ಟಿನವರಿಗೆ ಮಾತ್ರ ಆಗ ಸಂಪಾದನೆಯಿಲ್ಲ. ಕಹಳೆಗಳು ಪೆಟ್ಟಿಗೆಯಲ್ಲಿ ಮಲಗಿರುತ್ತವೆ.

ಸೋಜಿಗವೆಂದರೆ, ಅದೇ ಋತುವಿನಲ್ಲಿ ಯೂರೋಪಿನ ಊರುಗಳಲ್ಲಿ ಅದೇ ಜಾತಿಯ ವಾದ್ಯಗಳಿಗೆ ಉಸಿರಾಡಲು ಪುರಸತ್ತಿರುವುದಿಲ್ಲ. ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳನ್ನು ಕ್ರೈಸ್ತರು ಆಗಮನ ಕಾಲವೆಂದು ಆಚರಿಸುವರು. ಅದು ಹಬ್ಬವಲ್ಲ, ಹಬ್ಬದ ನಿರೀಕ್ಷೆ. ಆ ದಿನಗಳಲ್ಲಿ ಚರ್ಚಿನ ಮುಂದೆ, ಪೇಟೆಯ ಚೌಕದಲ್ಲಿ, ಆಸ್ಪತ್ರೆಯ ಅಂಗಳದಲ್ಲಿ ಟ್ರಂಪೆಟ್, ಹಾರ್ನ್, ಟ್ರೊಂಬೋನ್, ಟ್ಯೂಬಾಗಳನ್ನು ಹಿಡಿದ ಮೇಳಗಳು ನಿಂತು ಸ್ತುತಿಗೀತೆಗಳನ್ನು ನುಡಿಸುತ್ತವೆ. ಆರ್ಗನ್ನನ್ನು ಯಾರೂ ಬೀದಿಗೆ ಹೊತ್ತು ತರಲಾರರು. ವೀಣೆಯನ್ನು ದಿಬ್ಬಣದಲ್ಲಿ ನುಡಿಸದೆ ನಾಗಸ್ವರವನ್ನು ಊದಿಸುವ ನಮ್ಮವರಿಗೆ ಈ ನ್ಯಾಯ ಹೊಸದೇನಲ್ಲ.

ಆದರೆ ಹಾಡನ್ನು ಹಿತ್ತಾಳೆಗೆ ಒಪ್ಪಿಸುವುದು ತೋರುವಷ್ಟು ಸುಲಭವಲ್ಲ. ಬರಿಯ ಕೊಳವೆಗೆ ತುಟಿಯಿಟ್ಟು ಊದಿದರೆ ಎಲ್ಲ ಸ್ವರಗಳೂ ಹೊರಡವು. ಷಡ್ಜ, ಪಂಚಮ, ಮೇಲಿನ ಷಡ್ಜ, ಅದರ ಮೇಲೆ ಅಂತರಗಾಂಧಾರ, ಹೀಗೆ ನಿಸರ್ಗವು ಕೊಟ್ಟಷ್ಟೆ. ಕೊಳವೆಯನ್ನು ಹಿಂದೆ ಮುಂದೆ ಜಾರಿಸುವ ಟ್ರೊಂಬೋನಿಗೆ ಮಾತ್ರ ಈ ಬಡತನವಿರಲಿಲ್ಲ. ಆದುದರಿಂದಲೇ ಅದು ಶತಮಾನಗಳ ಹಿಂದೆಯೇ ಚರ್ಚಿನ ಗಾಯಕರ ಜತೆಗೆ ನಿಂತಿತು. ಉಳಿದವುಗಳಿಗೆ ಬಿಡುಗಡೆ ದೊರೆತುದು 1818ರಲ್ಲಿ, ಸ್ಟೋಲ್ಟ್ಸೆಲ್ ಮತ್ತು ಬ್ಲೂಮೆಲ್ ಎಂಬಿಬ್ಬರು ಕವಾಟದ ಉಪಾಯಕ್ಕೆ ಬರ್ಲಿನ್ನಿನಲ್ಲಿ ಹಕ್ಕುಪತ್ರ ಪಡೆದಾಗ. ಅದೇ ವರ್ಷ ಡಿಸೆಂಬರ್ 24ರ ರಾತ್ರಿ ಆಸ್ಟ್ರಿಯದ ಓಬರ್ನ್‌ಡಾರ್ಫ್ ಎಂಬ ಊರಿನಲ್ಲಿ 'ಸೈಲೆಂಟ್ ನೈಟ್' ಮೊದಲ ಬಾರಿಗೆ ಕೇಳಿಸಿತು: ಪಾದ್ರಿ ಮೋರನ ಪದ್ಯ, ಶಾಲೆಯ ಉಪಾಧ್ಯಾಯ ಗ್ರೂಬರನ ರಾಗ, ಪಕ್ಕದಲ್ಲಿ ಒಂದು ಗಿಟಾರು.

ಅದೊಂದು ಜೋಗುಳ. ತೊಟ್ಟಿಲು ತೂಗುವ ಲಯ. ಅದನ್ನು ಯುದ್ಧದ ಕಹಳೆಯ ವಂಶದ ವಾದ್ಯಗಳಿಗೆ ಹೊಂದಿಸುವವನ ಫಜೀತಿಯನ್ನು ಊಹಿಸಬಹುದು! ಅವನು ಟ್ರಂಪೆಟ್ಟಿನ ಬಾಯಿಗೆ ಬಿರಡೆಯಿಡುತ್ತಾನೆ. ಇಲ್ಲವೆ ಪಲ್ಲವಿಯನ್ನು ಮೆತುದನಿಯ ಫ್ಲೂಗಲ್‌ಹಾರ್ನಿಗೆ ಕೊಡುತ್ತಾನೆ. ತುಟಿಯ ಸ್ನಾಯುಗಳು ಬೇಗ ದಣಿಯುವುದರಿಂದ ಒಂದು ಚರಣವನ್ನು ಟ್ರೊಂಬೋನುಗಳಿಗೆ ಮಾತ್ರ ಬಿಟ್ಟು ಉಳಿದವರಿಗೆ ವಿಶ್ರಾಂತಿ ಕೊಡಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಉಸಿರನ್ನು ಎಲ್ಲಿ ಎಳೆಯಬೇಕೆಂಬುದನ್ನು ಗೊತ್ತು ಮಾಡಬೇಕು. ಹಾಡುವವನು ಅರ್ಥ ಮುರಿಯದಂತೆ ಪದದ ಕೊನೆಯಲ್ಲಿ ಉಸಿರೆಳೆದುಕೊಳ್ಳುವನು. ಊದುವವನ ಮುಂದೆ ಪದವೇ ಇಲ್ಲ.

ಮಾತನ್ನು ಕಳೆದುಕೊಂಡ ಮೇಲೂ ಸ್ತುತಿಯು ಸ್ತುತಿಯಾಗಿ ಉಳಿಯುವುದೆ? ಜರ್ಮನಿಯ ಪಾದ್ರಿ ಯೋಹಾನೆಸ್ ಕೂಲೊ (1856–1941) ಇದಕ್ಕೆ ಒಂದು ಸರಳೋಪಾಯವನ್ನು ಬಳಕೆಗೆ ತಂದನು. ಅವನ ಮೇಳಗಳು ದಂಡಿನ ಬ್ಯಾಂಡಿನವರಂತೆ ವಾದ್ಯಕ್ಕೊಂದು ಬಗೆಯ ಬರಹವನ್ನು ಓದದೆ, ಗಾಯಕರು ಓದುವ ಶ್ರುತಿಯಲ್ಲಿಯೇ ನಾಲ್ಕು ಧ್ವನಿಗಳನ್ನೂ ಓದಿದವು. ಊದುವವನಾದರೂ ಹಾಡುವವನಂತೆಯೇ ಊದಬೇಕೆಂಬುದು ಅವನ ಹಟ. ಇಂಗ್ಲೆಂಡಿನ ಸಾಲ್ವೇಷನ್ ಆರ್ಮಿಯ ಕತೆ ಇನ್ನೂ ಚಿಕ್ಕದು. 1878ರಲ್ಲಿ ಸಾಲ್ಸ್‌ಬರಿಯ ಫ್ರೈ ಎಂಬಾತನೂ ಅವನ ಮೂವರು ಮಕ್ಕಳೂ ಬೀದಿಯ ಸಭೆಗಳಲ್ಲಿ ಹಿತ್ತಾಳೆ ವಾದ್ಯಗಳನ್ನು ಹಿಡಿದು ನಿಂತರು. ಒಂದು ಮನೆಯ ನಾಲ್ವರು, ನಾಲ್ಕು ಧ್ವನಿಗಳು, ಬೇರೇನು ಬೇಕು?

ಮಾತಿಗೂ ರಾಗಕ್ಕೂ ಇರುವ ನಂಟು ಎಷ್ಟು ಸಡಿಲವೆಂಬುದಕ್ಕೆ 'ಹಾರ್ಕ್! ದಿ ಹೆರಾಲ್ಡ್ ಏಂಜಲ್ಸ್ ಸಿಂಗ್' ಎಂಬ ಗೀತೆಯೇ ಸಾಕ್ಷಿ. ಪದ್ಯ ಚಾರ್ಲ್ಸ್ ವೆಸ್ಲಿಯದು, 1739ರದು. ರಾಗ ಮೆಂಡೆಲ್ಸನ್‌ನದು, ಅವನು ಅದನ್ನು 1840ರಲ್ಲಿ ಲೈಪ್‌ಝಿಗ್ ನಗರದ ಮುದ್ರಣೋತ್ಸವಕ್ಕಾಗಿ, ಅಚ್ಚಿನ ಮೊಳೆಯ ಗೂಟೆನ್‌ಬರ್ಗನ ಸ್ಮರಣೆಗಾಗಿ, ಪುರುಷರ ಗಾಯನಕ್ಕೂ ಹಿತ್ತಾಳೆ ವಾದ್ಯಗಳಿಗೂ ರಚಿಸಿದನು. ಅದಕ್ಕೆ ಇಂಗ್ಲಿಷ್ ಪದ ಹೊಂದಿಸುವ ಮಾತು ಬಂದಾಗ, ದೈವಭಕ್ತಿಯ ಪದಗಳು ಅದಕ್ಕೆ ಒಗ್ಗಲಾರವೆಂದು ತಾನೇ ಬರೆದನು. ಅವನು ತೀರಿಕೊಂಡು ಎಂಟು ವರ್ಷವಾದ ಮೇಲೆ, 1855ರಲ್ಲಿ, ಕಮಿಂಗ್ಸ್ ಎಂಬ ಸಂಗೀತಗಾರನು ಎರಡನ್ನೂ ಗಂಟು ಹಾಕಿದನು. ಜನ ಒಪ್ಪಿದರು. ಇಂದು ಹಿತ್ತಾಳೆ ಮೇಳ ಅದನ್ನು ನುಡಿಸಿದಾಗ ರಾಗವು ತನ್ನ ತವರಿಗೆ ಬಂದಂತೆಯೇ ಸರಿ.

ಆಗಮನ ಕಾಲದ 'ಓ ಕಮ್, ಓ ಕಮ್, ಇಮ್ಯಾನ್ಯುಯೆಲ್' ಇನ್ನೂ ದೂರದಿಂದ ಬಂದುದು. ನಮ್ಮ ನಠಭೈರವಿ ಮೇಳದ ಸ್ವರಗಳಲ್ಲಿ ಮೆಲ್ಲಗೆ ಸಾಗುವ ಆ ರಾಗದ ಮೂಲವನ್ನು 1966ರಲ್ಲಿ ಮೇರಿ ಬೆರಿ ಎಂಬ ವಿದುಷಿ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದ 15ನೆಯ ಶತಮಾನದ ಹಸ್ತಪ್ರತಿಯೊಂದರಲ್ಲಿ ಕಂಡರು. ಅಲ್ಲಿ ಅದು ಸನ್ಯಾಸಿನಿಯರು ಶವದ ಮೆರವಣಿಗೆಯಲ್ಲಿ ಹಾಡುತ್ತಿದ್ದ ಗೀತೆ! ಬರುವವನನ್ನು ಕರೆಯುವ ರಾಗ ಮೊದಲು ಹೋಗುವವರನ್ನು ಬೀಳ್ಕೊಟ್ಟಿತ್ತು. ಟ್ರೊಂಬೋನುಗಳು ಒಂದೇ ಧ್ವನಿಯಲ್ಲಿ, ಸಂಗತಿ ಶ್ರುತಿಗಳಿಲ್ಲದೆ, ಅದನ್ನು ಆರಂಭಿಸಿದರೆ ಆ ಹಳೆಯ ಛಾಯೆ ತಾನಾಗಿ ಸುಳಿಯುವುದು. ಮೊದಲ ಸಾಲಿನಿಂದಲೇ ಗದ್ದಲವೆಬ್ಬಿಸುವ ಏರ್ಪಾಡುಗಳೂ ಉಂಟು. ಅವರಿಗೆ ಕಾಯುವುದೆಂದರೇನೆಂದು ತಿಳಿಯದು.

ಕನ್ನಡ ನಾಡಿನಲ್ಲಿ ಈ ಪ್ರಶ್ನೆ ತಿರುಗುಮುರುಗಾಗಿ ಎದ್ದಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಜರ್ಮನ್ ರಾಗಗಳಿಗೆ ಕನ್ನಡ ಪದ ಕಟ್ಟಿದರು. ಹ್ರಸ್ವಾಕ್ಷರವು ದೀರ್ಘ ಸ್ವರದ ಮೇಲೆ ಬಿದ್ದು ಎಳೆದಾಡಿದಾಗ ಕನ್ನಡದ ಕಿವಿಗೆ ಹಿತವಾಗದು. ನಿಘಂಟುಕಾರ ಕಿಟ್ಟೆಲರು 1862ರ 'ಕಥಾಮಾಲೆ'ಯಲ್ಲಿ ಯೇಸುವಿನ ಚರಿತ್ರೆಯನ್ನು ದೇಶೀಯ ಧಾಟಿಯಲ್ಲಿಯೇ ಹೇಳಲು ಹೊರಟುದು ವಿವೇಕದ ದಾರಿ. ಹಿತ್ತಾಳೆಯ ಮೇಳಕ್ಕಾದರೊ ಲಘು ಗುರುಗಳ ಜಗಳವೇ ಇಲ್ಲ.

ಇತ್ತ ಮುತ್ತುಸ್ವಾಮಿ ದೀಕ್ಷಿತರು (1775–1835) ಕಂಪನಿ ಸರಕಾರದ ಬ್ಯಾಂಡಿನ ಧಾಟಿಗಳನ್ನು ಕೇಳಿ, ಶಂಕರಾಭರಣದ ಸ್ವರಗಳಲ್ಲಿ ಅವಕ್ಕೆ ಸಂಸ್ಕೃತ ಸಾಹಿತ್ಯ ತೊಡಿಸಿ ನೋಟುಸ್ವರಗಳನ್ನಾಗಿ ಮಾಡಿದರು. ಬ್ರಿಟಿಷ್ ಅರಸನ ಕ್ಷೇಮ ಬಯಸುವ ಧಾಟಿಯೂ ಅವರ ಕೈಯಲ್ಲಿ ದೇವರ ಪ್ರಾರ್ಥನೆಯಾಯಿತು. ಅವರು ಮೆಂಡೆಲ್ಸನ್‌ನಷ್ಟು ಸಂಕೋಚಪಡಲಿಲ್ಲವೆಂದು ತೋರುತ್ತದೆ.

ನಮ್ಮ ಜನ ಕ್ರೈಸ್ತ ಸ್ತುತಿಯೊಂದನ್ನು ಬ್ಯಾಂಡಿನಲ್ಲಿ ಕೇಳಿ ಮನಸೋತುದೂ ಉಂಟು. ಕ್ರಿಸ್‌ಮಸ್ಸಿನದಲ್ಲ, ಸಂಜೆಯ ಗೀತೆ: ಗಾಂಧೀಜಿಗೆ ಪ್ರಿಯವಾಗಿದ್ದ 'ಅಬೈಡ್ ವಿತ್ ಮಿ'. ದಿಲ್ಲಿಯಲ್ಲಿ ಗಣರಾಜ್ಯೋತ್ಸವದ ಕೊನೆಗೆ ಜನವರಿ 29ರ ಮುಸ್ಸಂಜೆ ಸೇನಾ ಬ್ಯಾಂಡುಗಳು ಅದನ್ನು ಹಲವು ದಶಕಗಳ ಕಾಲ ನುಡಿಸುತ್ತಿದ್ದವು. 2022ರಲ್ಲಿ ಅದನ್ನು ಕೈಬಿಟ್ಟಾಗ ದೇಶದಲ್ಲಿ ಆಕ್ಷೇಪದ ದನಿಗಳೆದ್ದವು. ಹಾಗೆ ನೊಂದವರಲ್ಲಿ ಎಷ್ಟೋ ಮಂದಿ ಅದರ ಪದಗಳನ್ನು ಒಮ್ಮೆಯೂ ಓದಿರಲಾರರು.