ಕೆರೆ-ಕಟ್ಟೆಗಳ ರಕ್ಷಣೆ ಕಸಿಯುವ ತಿದ್ದುಪಡಿಗೆ ನಮ್ಮ ಖಂಡನೆ

ರಾಮದುರ್ಗ: ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆ, 2014ಕ್ಕೆ ರಾಜ್ಯ ಸರ್ಕಾರ ತಂದಿರುವ, 2025ರ ಆಗಸ್ಟ್‌ನ ಮಳೆಗಾಲದ ಅಧಿವೇಶನದಲ್ಲಿ ಅಂಗೀಕಾರ ಪಡೆದಿರುವ ತಿದ್ದುಪಡಿಯನ್ನು ನಮ್ಮ ಸಂಘ ತೀವ್ರವಾಗಿ ಖಂಡಿಸುತ್ತದೆ.

ಕೆರೆ ದೊಡ್ಡದಿರಲಿ, ಚಿಕ್ಕದಿರಲಿ, ಅದರ ಗಡಿಯಿಂದ 30 ಮೀಟರ್ ಜಾಗವನ್ನು ಹಾಗೇ ಬಿಡಬೇಕು ಎಂಬುದು ಮೂಲ ಕಾಯ್ದೆಯ ನಿಯಮ. ತಿದ್ದುಪಡಿಯ ಪ್ರಕಾರ ಆ 30 ಮೀಟರ್ ಉಳಿಯುವುದು ನೂರು ಎಕರೆ ಮೀರಿದ ಕೆರೆಗಳಿಗೆ ಮಾತ್ರ. ಒಂದರಿಂದ ಹತ್ತು ಎಕರೆಯ ಕೆರೆಗೆ 6 ಮೀಟರ್, ಎಕರೆಯೊಳಗಿನ ಕಟ್ಟೆಗೆ 3 ಮೀಟರ್. ಐದು ಗುಂಟೆಯೊಳಗಿನ ಕುಂಟೆಗೆ ಏನೇನೂ ಇಲ್ಲ. ಬಿಟ್ಟ ಅಷ್ಟಿಷ್ಟು ಜಾಗದಲ್ಲೂ ರಸ್ತೆ, ಸೇತುವೆ, ವಿದ್ಯುತ್ ಮಾರ್ಗ, ಒಳಚರಂಡಿ, ಪಂಪ್‌ಹೌಸ್‌ಗಳಿಗೆ ಬಾಗಿಲು ತೆರೆದಿದ್ದಾರೆ.

ಐದು ಗುಂಟೆ ಎಂದರೆ 5,445 ಚದರ ಅಡಿ. ಬೆಂಗಳೂರಿನ ಲೆಕ್ಕದಲ್ಲಿ ಅದು ಕೆಲವೇ ಸೈಟು. ನಮ್ಮ ತಾಲ್ಲೂಕಿನಲ್ಲಿ ಅಷ್ಟೇ ಅಗಲದ ಹೊಂಡ ಬೇಸಿಗೆಯಲ್ಲಿ ಊರಿನ ದನಕರುಗಳ ದಾಹ ತೀರಿಸುತ್ತದೆ, ಸುತ್ತಲ ಬಾವಿ-ಬೋರುಗಳಿಗೆ ನೀರಿಳಿಸುತ್ತದೆ. ಮಲಪ್ರಭೆ ನಮ್ಮ ಪಟ್ಟಣದ ಪಕ್ಕದಲ್ಲೇ ಹರಿಯುತ್ತಾಳೆ, ನಿಜ. ಆದರೆ ಹೊಳೆಯಿಂದ ದೂರದ ಹಳ್ಳಿಗಳಿಗೆ ಮಳೆ, ಹಳ್ಳ, ಕಟ್ಟೆಗಳೇ ಗತಿ. ಸುರೇಬಾನ ಸಮೀಪದ ಶಬರಿಕೊಳ್ಳದ ಹೊಂಡಗಳನ್ನು ಕಂಡವರಿಗೆ, ಚಿಕ್ಕ ಜಲಮೂಲವನ್ನು ಒಂದು ಸೀಮೆ ಎಷ್ಟು ಭಕ್ತಿಯಿಂದ ಕಾಯುತ್ತದೆ ಎಂಬುದನ್ನು ಹೇಳಬೇಕಿಲ್ಲ. ಕಂದಾಯ ದಾಖಲೆಯಲ್ಲಿ ಕೆರೆ, ಕುಂಟೆ, ಕಟ್ಟೆ ಎಂದು ಯಾವ ಹೆಸರಿನಲ್ಲಿದ್ದರೂ, ಅದರಲ್ಲಿ ನೀರಿರಲಿ ಇಲ್ಲದಿರಲಿ, ರಕ್ಷಣೆ ಸಿಗಬೇಕೆಂದು 2014ರ ಕಾಯ್ದೆ ಬರೆದವರಿಗೂ ಚಿಕ್ಕ ಜಲಮೂಲದ ಬೆಲೆ ಗೊತ್ತಿತ್ತು. ಮೊದಲು ಒತ್ತುವರಿಯಾಗುವುದೂ, ಸದ್ದಿಲ್ಲದೆ ಮುಚ್ಚಿಹೋಗುವುದೂ ಚಿಕ್ಕ ಕಟ್ಟೆಗಳೇ. ಹೆಚ್ಚು ರಕ್ಷಣೆ ಬೇಕಾದವಕ್ಕೇ ಅತಿ ಕಡಿಮೆ ರಕ್ಷಣೆ ಕೊಡುವ ಈ ಲೆಕ್ಕ ಯಾವ ಜಲತಜ್ಞರದ್ದು ಎಂದು ಸರ್ಕಾರ ಹೇಳಬೇಕು.

ಈ ಭಾಗದ ಜನ ನೆರೆ, ಬರ ಎರಡನ್ನೂ ಉಂಡವರು. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಜಲಾಶಯದಿಂದ ಬಿಟ್ಟ ನೀರು ರಾಮದುರ್ಗದೊಳಕ್ಕೆ ನುಗ್ಗಿ ನೇಕಾರರ ಮಗ್ಗಗಳನ್ನು ಮುಳುಗಿಸಿತು. ನಾಲ್ಕೇ ವರ್ಷಕ್ಕೆ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಇದೇ ಸರ್ಕಾರ ಘೋಷಿಸಿತು. ಮಳೆ ಒಂದೇ ವಾರ ಸುರಿದು ಆಮೇಲೆ ತಿಂಗಳುಗಟ್ಟಲೆ ಮುಖ ತೋರಿಸದ ಈ ಕಾಲದಲ್ಲಿ, ಸುರಿದದ್ದನ್ನು ಹಿಡಿದಿಡಲು ಹಳ್ಳಿಯ ಕೈಯಲ್ಲಿರುವುದು ಕಟ್ಟೆಯೊಂದೇ. ಅದರ ದಂಡೆಯನ್ನೇ ಕಾಂಕ್ರೀಟಿಗೆ ಒಪ್ಪಿಸಿದರೆ ನೀರು ಇಂಗುವುದೆಲ್ಲಿ?

ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ರಕ್ಷಣೆ ಪಡೆಯುವ ಹಕ್ಕು ಸಂವಿಧಾನದ 14 ಮತ್ತು 21ನೇ ವಿಧಿಗಳಲ್ಲೇ ಅಡಕವಾಗಿದೆ ಎಂದು ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ, ಎಂ.ಕೆ. ರಣಜಿತ್‌ಸಿಂಹ ಪ್ರಕರಣದಲ್ಲಿ ಹೇಳಿದೆ. ಪರಿಸರ ಕಾಪಾಡುವ ಹೊಣೆಯನ್ನು 48ಎ ವಿಧಿ ಸರ್ಕಾರದ ಹೆಗಲಿಗೇ ಹಾಕಿದೆ. ಒಂದು ಕಡೆ ಸೌರ, ಪವನ ವಿದ್ಯುತ್ತಿನಲ್ಲಿ ನಾವೇ ಮುಂದು ಎಂದು ಹೇಳಿಕೊಂಡು, ಇನ್ನೊಂದು ಕಡೆ ಕಟ್ಟೆ-ಕುಂಟೆಗಳ ರಕ್ಷಣೆಯನ್ನು ಸರ್ಕಾರ ಕಾನೂನಿನಿಂದಲೇ ಕಡಿತಗೊಳಿಸುವುದನ್ನು ನಾವು ಒಪ್ಪುವುದಿಲ್ಲ. ರಾಜಧಾನಿಯಲ್ಲಿ ಜಾಗದ ಅಡಚಣೆ ಇದ್ದರೆ ಅದಕ್ಕೆ ಅಲ್ಲಿಯೇ ಪರಿಹಾರ ಹುಡುಕಲಿ. ಅದರ ಬೆಲೆಯನ್ನು ರಾಮದುರ್ಗ, ಸವದತ್ತಿ, ಬೈಲಹೊಂಗಲ, ಕಿತ್ತೂರಿನ ಹಳ್ಳಿಗಳು ಏಕೆ ತೆರಬೇಕು?

ಮಾನ್ಯ ರಾಜ್ಯಪಾಲರು ಈ ತಿದ್ದುಪಡಿ ಮಸೂದೆಗೆ ಅಂಕಿತ ಹಾಕದೆ, 200ನೇ ವಿಧಿಯಡಿ ಮರುಪರಿಶೀಲನೆಗೆ ಹಿಂದಿರುಗಿಸಬೇಕು. ಸರ್ಕಾರ 30 ಮೀಟರ್ ನಿಯಮವನ್ನು ಎಲ್ಲ ಜಲಮೂಲಗಳಿಗೂ ಉಳಿಸಬೇಕು. ತಾಲ್ಲೂಕಿನ ಪ್ರತಿ ಕೆರೆ, ಕಟ್ಟೆ, ಕುಂಟೆಯನ್ನು ಅಳತೆ ಮಾಡಿಸಿ, ಗಡಿಕಲ್ಲು ನೆಟ್ಟು, ಆ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿ ಹೇಳಬೇಕು. ಇದೇ ಒತ್ತಾಯದ ಮನವಿಯನ್ನು ರಾಮದುರ್ಗ ತಹಶೀಲ್ದಾರರ ಮೂಲಕ ರಾಜ್ಯಪಾಲರಿಗೂ ಮುಖ್ಯಮಂತ್ರಿಗಳಿಗೂ ಸಲ್ಲಿಸುತ್ತಿದ್ದೇವೆ.

— ಅಧ್ಯಕ್ಷರು, ಕಾರ್ಯದರ್ಶಿ ಹಾಗೂ ಸರ್ವ ಸದಸ್ಯರು