ಅಜ್ಜಿ ಕೇಳಿದ ಒಂದು ಫೋಟೋ

ಅಜ್ಜ ತೀರಿಕೊಂಡಾಗ ಕಾರ್ಯಕ್ಕೆ ಇಡಲು ಒಂದು ಫೋಟೋ ಬೇಕಿತ್ತು. "ನಿನ್ನ ಮೊಬೈಲಲ್ಲಿ ಇದ್ದೇ ಇರುತ್ತಲ್ಲ, ನೋಡೋ" ಅಂದರು ಅಪ್ಪ. ನೋಡಿದೆ. 8000 ಚಿಲ್ಲರೆ ಫೋಟೋ ಇದ್ದವು. ಮುಳ್ಳಯ್ಯನಗಿರಿಯ ಮಂಜು, ದೇವರಮನೆಯ ಸೂರ್ಯಾಸ್ತ, ಚಾರ್ಮಾಡಿ ಘಾಟಿಯ ತಿರುವು, ನಮ್ಮ ತೋಟದ ಕಾಫಿ ಹಣ್ಣು ಅಂತೂ ಲೆಕ್ಕವಿಲ್ಲದಷ್ಟು. ಅಜ್ಜ ಇದ್ದದ್ದು 11 ಫೋಟೋದಲ್ಲಿ. ಕೆಲವದರಲ್ಲಿ ಬೆನ್ನು ಮಾತ್ರ. ಮುಖ ಇದ್ದ ಕಡೆ ಹಿಂದಿನ ಮಂಜು ಬೆಳ್ಳಗೆ ಹೊಳೀತಿತ್ತು, ಮುಖ ಕಪ್ಪಾಗಿತ್ತು.

ಕೊನೆಗೆ ವೋಟರ್ ಐಡಿಯ ಫೋಟೋವನ್ನೇ ಮೂಡಿಗೆರೆಯಲ್ಲಿ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದೆವು. ಅಜ್ಜಿ ಅದನ್ನ ತುಂಬಾ ಹೊತ್ತು ನೋಡಿದರು. "ಅವರು ಯಾವತ್ತೂ ಹಿಂಗೆ ಹೆದರಿಕೊಂಡು ನೋಡಿದವರಲ್ಲ" ಅಂದರು.

ಕಾರ್ಯ ಎಲ್ಲ ಮುಗಿದು ನಾನು ಬೆಂಗಳೂರಿಗೆ ಹೊರಟ ಬೆಳಗ್ಗೆ, ಡಿಕ್ಕಿಗೆ ಬಾಳೆಗೊನೆ ಇಡಿಸುತ್ತಾ, ಏನೂ ವಿಶೇಷ ಇಲ್ಲದ ಹಾಗೆ ಹೇಳಿದರು: "ನಂದೊಂದು ಚೆನ್ನಾಗಿರೋದು ಈಗಲೇ ತೆಗೆದಿಡು ಮಗಾ. ಆಮೇಲೆ ಹಿಂಗೆ ಒದ್ದಾಡಬೇಡಿ."

ನಾನು ಫೋಟೋಗ್ರಫಿ ಕಲಿಯೋಕೆ ಶುರು ಮಾಡಿದ್ದು ಆ ಮಾತಿಗೆ. ಒಂದು ಹಳೇ ಡಿಎಸ್‌ಎಲ್‌ಆರ್, ಅದರ ಜೊತೆ 50 ಎಂಎಂ ಲೆನ್ಸ್, ಎರಡೂ ಸೆಕೆಂಡ್ ಹ್ಯಾಂಡ್. ಯೂಟ್ಯೂಬ್ ನೋಡಿದೆ, ನೋಟ್ಸ್ ಮಾಡಿಕೊಂಡೆ. ಇಂಜಿನಿಯರ್ ಅಲ್ವಾ, ಕ್ಯಾಮೆರಾ ಒಂದು ಮಷೀನ್, ಒಂದು ವೀಕೆಂಡ್ ಸಾಕು ಅಂದುಕೊಂಡೆ. ಸುಮಾರು ಒಂದು ವರ್ಷ ಹಿಡೀತು.

ಕೊಟ್ಟಿಗೆಹಾರ ದಾಟಿ ಕಳಸದ ರಸ್ತೆ ಹಿಡಿದರೆ ನಮ್ಮ ಊರು. ಮೊದಲ ಪ್ರಯತ್ನ ಮಾರ್ಚ್‌ನಲ್ಲಿ. ಹೂ ಮಳೆ ಬಿದ್ದು ವಾರ, ಹತ್ತು ದಿನಕ್ಕೆ ಕಾಫಿ ಹೂ ಬಿಡುತ್ತೆ. ಎರಡು ಮೂರು ದಿನ ತೋಟಕ್ಕೆ ತೋಟವೇ ಬೆಳ್ಳಗೆ, ಆಮೇಲೆ ಕಂದು. ಅಪ್ಪನ ಫೋನ್ ಬಂದ ತಕ್ಷಣ ರಜೆ ಹಾಕಿ ಓಡಿದೆ. ಅಜ್ಜಿಯನ್ನ ಹೂವಿನ ಗಿಡದ ಮುಂದೆ ನಿಲ್ಲಿಸಿ 400 ಫೋಟೋ ಹೊಡೆದೆ. ರಾತ್ರಿ ಲ್ಯಾಪ್‌ಟಾಪಿಗೆ ಹಾಕಿದರೆ ಹೂವೆಲ್ಲ ಒಲೆಯ ಬೂದಿ ಮೆತ್ತಿದ ಹಾಗೆ. ಅಜ್ಜಿಯ ಮುಖ ಅದಕ್ಕಿಂತ ಕಪ್ಪು. ಅಜ್ಜನಿಗೆ ಆಗಿದ್ದೇ ಮತ್ತೆ ಆಗಿತ್ತು.

ಕಾರಣ ತಿಳಿಯೋಕೆ ಎರಡು ದಿನ ಬೇಕಾಯ್ತು. ಕ್ಯಾಮೆರಾದ ಒಳಗೆ ಬೆಳಕು ಅಳೆಯೋ ಮೀಟರ್ ಇರುತ್ತೆ. ಅದಕ್ಕೆ ಹೂ ಯಾವುದು, ಮಂಜು ಯಾವುದು, ಅಜ್ಜಿ ಯಾರು ಅಂತ ಗೊತ್ತಿಲ್ಲ. ಎದುರಿಗೆ ಏನೇ ಇರಲಿ, ಎಲ್ಲದರ ಸರಾಸರಿ ನಡುವಿನ ಬೂದು ಬಣ್ಣ ಅಂತ ಅದರ ಮೂಲ ಲೆಕ್ಕ. ಬಿದ್ದ ಬೆಳಕಲ್ಲಿ ಸುಮಾರು 18 ಶೇಕಡಾ ವಾಪಸ್ ಕಳಿಸೋ ಬೂದು. ಹಾಗಾಗಿ ಫ್ರೇಮ್ ತುಂಬಾ ಬಿಳಿ ಇದ್ದರೆ "ಅಯ್ಯೋ, ಬೆಳಕು ಜಾಸ್ತಿ ಆಯ್ತು" ಅಂತ ಕಡಿಮೆ ಮಾಡಿಬಿಡುತ್ತೆ. ಬಿಳಿ ಹೂ ಬೂದಿಯಾಗುತ್ತೆ, ಮುಖ ಇದ್ದಿಲಾಗುತ್ತೆ. ಹೊಸ ಕ್ಯಾಮೆರಾಗಳು ಸ್ವಲ್ಪ ಜಾಣ ಆಗಿವೆ, ಆದರೂ ಮಲೆನಾಡಿನ ಮಂಜಿನ ಮುಂದೆ ಅವೂ ಎಡವುತ್ತವೆ.

ಪರಿಹಾರ ಒಂದೇ ಬಟನ್. ಎಕ್ಸ್‌ಪೋಷರ್ ಕಾಂಪನ್ಸೇಷನ್. ಬಿಳಿ ಜಾಸ್ತಿ ಇದ್ದರೆ +1 ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು. ಮೊಬೈಲ್‌ನಲ್ಲಾದರೆ ಮುಖದ ಮೇಲೆ ಬೆರಳಿಡಿ, ಸಾಮಾನ್ಯವಾಗಿ ಪಕ್ಕದಲ್ಲೊಂದು ಸೂರ್ಯನ ಗುರುತು ಬರುತ್ತೆ, ಅದನ್ನ ಮೇಲಕ್ಕೆ ಎಳೆಯಿರಿ. ಇಷ್ಟು ಗೊತ್ತಿದ್ದಿದ್ದರೆ ಅಜ್ಜನ ಆ 11 ಫೋಟೋದಲ್ಲಿ ಒಂದಾದರೂ ಉಳೀತಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ. ಇದನ್ನ ಕಲಿತು ಮತ್ತೆ ಕ್ಯಾಮೆರಾ ಹಿಡಿದು ತೋಟಕ್ಕೆ ಹೋಗೋ ಹೊತ್ತಿಗೆ ಹೂ ಬಾಡಿತ್ತು.

ಎರಡನೇ ಸಲ ಜುಲೈ. ಮಳೆ ಹಿಡಿದುಕೊಂಡರೆ ಬಿಡೋದಿಲ್ಲ, ಮಧ್ಯಾಹ್ನ ಮೂರಕ್ಕೇ ಮನೆಯೊಳಗೆ ದೀಪ ಹಾಕಬೇಕು. ಅಜ್ಜಿ ಅಡುಗೆಮನೆಯಲ್ಲಿ ಕಡುಬು ಮಾಡ್ತಿದ್ದರು. ಕ್ಯಾಮೆರಾ ತಾನಾಗಿ 1/15 ಸೆಕೆಂಡ್ ಶಟರ್ ಆರಿಸಿಕೊಂಡಿತ್ತು. ಶಟರ್ ಅಂದರೆ ಕಿಟಕಿ ಎಷ್ಟು ಹೊತ್ತು ತೆರೆದಿರುತ್ತೆ ಅನ್ನೋದು. ಅಷ್ಟು ಹೊತ್ತಲ್ಲಿ ನನ್ನ ಕೈ ಅಲ್ಲಾಡಿತ್ತು, ಅಜ್ಜಿಯ ಕೈ ಎರಡು ಕಡುಬು ಮುಗಿಸಿತ್ತು. ಎಲ್ಲಾ ಮಸುಕು.

50 ಎಂಎಂ ಲೆನ್ಸಿಗೆ ಕನಿಷ್ಠ 1/50, ನನ್ನ ಕ್ಯಾಮೆರಾದ ಸಣ್ಣ ಸೆನ್ಸರ್‌ಗೆ 1/80 ಇರಬೇಕು ಅಂತ ಓದಿದ್ದೆ. ಆದರೆ ಆ ಲೆಕ್ಕ ಫೋಟೋ ತೆಗೆಯೋರ ಕೈ ನಡುಕಕ್ಕೆ ಮಾತ್ರ. ಎದುರಿಗಿರೋರು ಸುಮ್ಮನೆ ಕೂರದಿದ್ದರೆ 1/200 ಆದರೂ ಬೇಕು. ನಮ್ಮ ಅಜ್ಜಿ ಸುಮ್ಮನೆ ಕೂತಿದ್ದನ್ನ ನಾನಂತೂ ನೋಡಿಲ್ಲ.

ಸರಿ, 1/200 ಇಟ್ಟೆ. ಈಗ ಕತ್ತಲೆ. ಐಎಸ್‌ಓ ಏರಿಸಿದೆ. ಬೆಳಕು ಬಂತು, ಜೊತೆಗೆ ಮುಖದ ತುಂಬಾ ರವೆ ಚೆಲ್ಲಿದ ಹಾಗೆ ಕಾಳು ಕಾಳು. ಐಎಸ್‌ಓ ಅಂದರೆ ಅಜ್ಜನ ರೇಡಿಯೋದ ವಾಲ್ಯೂಮ್ ಇದ್ದ ಹಾಗೆ. ಮಳೆಗಾಲದಲ್ಲಿ ಭದ್ರಾವತಿ ಸ್ಟೇಷನ್ ಸರಿಯಾಗಿ ಸಿಗದಿದ್ದಾಗ ಅಜ್ಜ ಜೋರು ಮಾಡ್ತಿದ್ದರು, ಹಾಡಿನ ಜೊತೆ ಗೊರಗೊರವೂ ಜೋರಾಗ್ತಿತ್ತು.

ಉಳಿದದ್ದು ಅಪರ್ಚರ್, ಲೆನ್ಸಿನ ಬಾಯಿ. ಸಂಖ್ಯೆ ಚಿಕ್ಕದಾದಷ್ಟೂ ಬಾಯಿ ದೊಡ್ಡದು. ಎಫ್/2ರಿಂದ 2.8ಕ್ಕೆ, 2.8ರಿಂದ 4ಕ್ಕೆ ಹೋದರೆ ಪ್ರತಿ ಸಲ ಬೆಳಕು ಅರ್ಧ ಆಗುತ್ತೆ. ನಾನು 1.8ಕ್ಕೆ ತೆರೆದೆ. ಬೆಳಕು ಸಾಕಾಯ್ತು, ಆದರೆ ಕನ್ನಡಕದ ಫ್ರೇಮ್ ಚೂಪಾಗಿ ಬಂದು ಕಣ್ಣು ಮಸುಕಾಯ್ತು. ಬಾಯಿ ದೊಡ್ಡದಾದಷ್ಟೂ ಫೋಕಸ್‌ನ ಆಳ ತೆಳ್ಳಗೆ.

ಒಂದು ಸರಿ ಮಾಡಿದರೆ ಇನ್ನೊಂದು ಕೆಡೋದು ನಮಗೇನು ಹೊಸದಲ್ಲ, ಆಫೀಸಲ್ಲಿ ದಿನಾ ಮಾಡೋದು ಅದೇ. "ಎಂತ ಮಾರಾಯ, ನಾ ಸತ್ತ ಮೇಲೆ ತೆಗಿತೀಯಾ?" ಅಂತ ಅಜ್ಜಿ ನಕ್ಕರು. ನನಗೆ ನಗು ಬರಲಿಲ್ಲ. ಆ ಸಲ ಅವರು ಮೆಟ್ಟಿಲು ಇಳಿಯೋವಾಗ ಗೋಡೆ ಹಿಡಿದುಕೊಂಡಿದ್ದನ್ನ ನೋಡಿದ್ದೆ.

ಬೆಂಗಳೂರಿಗೆ ಬಂದು ಒಂದು ನಿಯಮ ಮಾಡಿಕೊಂಡೆ. ನಮ್ಮ ಮೂಡಿಗೆರೆಯಲ್ಲೇ ತೋಟ ಮಾಡಿಕೊಂಡಿದ್ದ ಪೂರ್ಣಚಂದ್ರ ತೇಜಸ್ವಿ (1938–2007) ಹಕ್ಕಿಗಳ ಫೋಟೋ ತೆಗೆಯೋಕೆ ಶುರು ಮಾಡಿದ್ದು ಫಿಲಂ ಕಾಲದಲ್ಲಿ. ಒಂದು ರೋಲಿಗೆ 36. ತೆಗೆದದ್ದು ಹೇಗೆ ಬಂತು ಅಂತ ತೊಳೆದ ಮೇಲೇ ಗೊತ್ತಾಗೋದು. ಎದುರಿಗಿದ್ದದ್ದು ಕೂತಲ್ಲಿ ಕೂರದ ಹಕ್ಕಿ. ನನ್ನ ಎದುರಿಗಿರೋದು ಅಜ್ಜಿ, ಹಾರಿಯಂತೂ ಹೋಗೋದಿಲ್ಲ. ಆದ್ದರಿಂದ ಇನ್ನು ಮುಂದೆ ದಿನಕ್ಕೆ 36 ಮಾತ್ರ, ಡಿಲೀಟ್ ಇಲ್ಲ. ಆರು ತಿಂಗಳು ರೂಮಿನ ಕಿಟಕಿ ಪಕ್ಕ ಫ್ಲ್ಯಾಟ್‌ಮೇಟ್‌ನ ಕೂರಿಸಿ ಅಭ್ಯಾಸ ಮಾಡಿದೆ. ಅವನು ಬಿರಿಯಾನಿ ಕೊಡಿಸಿದರೆ ಮಾತ್ರ ಕೂರ್ತಿದ್ದ.

ಜನವರಿಯಲ್ಲಿ ಮತ್ತೆ ಊರು. ಕೊಯ್ಲು ನಡೀತಿತ್ತು, ಕಣದ ತುಂಬಾ ಕಾಫಿ ಒಣಗ್ತಿತ್ತು. ಮೊದಲು ಕಣದಲ್ಲೇ ನಿಲ್ಲಿಸಿದೆ. ನೆತ್ತಿ ಮೇಲಿನ ಬಿಸಿಲಿಗೆ ಕಣ್ಣುಗಳು ಎರಡು ಗುಂಡಿಯಾದವು. ಐದು ಫೋಟೋ ಹೋಯ್ತು. "ಬಿಸಿಲು ಮಾರಾಯ" ಅಂತ ಅಜ್ಜಿ ಜಗಲಿಗೆ ಹೋಗಿ ಕೂತರು, ಮೊರ ತಗೊಂಡು ಕಾಫಿಯೊಳಗಿನ ಎಲೆ, ಕಡ್ಡಿ ಆರಿಸತೊಡಗಿದರು.

ಆಗ ಗಮನಿಸಿದೆ. ಕಣದ ಸಿಮೆಂಟಿನ ಮೇಲೆ ಬಿದ್ದ ಬಿಸಿಲು ಮೆತ್ತಗಾಗಿ ಜಗಲಿಯೊಳಗೆ ಬರ್ತಿತ್ತು. ಅಜ್ಜಿಯ ಮುಖದ ಒಂದೊಂದು ಗೆರೆಯೂ ಕಾಣ್ತಿತ್ತು, ಎಲ್ಲೂ ಕಪ್ಪು ನೆರಳಿಲ್ಲ. ಹಿಂದೆ ನಡುಮನೆಯ ಬಾಗಿಲು ಕತ್ತಲು. ಎಫ್/4, 1/200, ಐಎಸ್‌ಓ 200 ತೋರಿಸಿದ್ದಕ್ಕಿಂತ ಮೀಟರ್ ಜಾಸ್ತಿ ಬೆಳಕು ಕೇಳ್ತಿತ್ತು. ಕತ್ತಲು ಬಾಗಿಲನ್ನೂ ಬೂದು ಮಾಡೋ ಹಟ ಅದಕ್ಕೆ. ಹೂವಿನ ದಿನ ಕಲಿತದ್ದನ್ನೇ ತಿರುಗಿಸಿದೆ: ಈ ಸಲ ಮೈನಸ್. ಫೋಕಸ್ ಹತ್ತಿರದ ಕಣ್ಣಿನ ಮೇಲೆ. ಆಮೇಲೆ ಕಾದೆ.

23ನೇ ಫೋಟೋ. ಒಣ ಹಾಕಿದ ಕಾಫಿ ಮೇಲೆ ನಾಯಿ ಓಡಾಡ್ತಿತ್ತು. ಅಜ್ಜಿ ಅದಕ್ಕೆ ಬಯ್ದು, ಬಯ್ದ ಖುಷಿಯಲ್ಲೇ ನನ್ನ ಕಡೆ ತಿರುಗಿ "ಆಯ್ತೇನೋ?" ಅಂದರು. ಕ್ಲಿಕ್.

ತೋರಿಸಿದೆ. ಕನ್ನಡಕ ಮೂಗಿನ ಮೇಲೆ ಏರಿಸಿಕೊಂಡು ನೋಡಿದರು. "ಸೆರಗು ಸರಿ ಇಲ್ಲ, ಇನ್ನೊಂದು ತೆಗಿ." ಸೆರಗು ಸರಿ ಮಾಡಿಕೊಂಡು ನೆಟ್ಟಗೆ ಕೂತರು. ಉಳಿದ 13ನ್ನೂ ತೆಗೆದೆ. ಅವೆಲ್ಲದರಲ್ಲೂ ಸೆರಗು ಸರಿಯಾಗಿದೆ, ಅಜ್ಜಿ ಮಾತ್ರ ವೋಟರ್ ಐಡಿಯ ಅಜ್ಜನ ಹಾಗೆ ಕೂತಿದ್ದಾರೆ.

ನಾನು ಪ್ರಿಂಟ್ ಹಾಕಿಸಿದ್ದು 23ನ್ನೇ. ಕಟ್ಟು ಹಾಕಿಸಿ ತಂದಾಗ ಅಪ್ಪ ಅಜ್ಜನ ಫೋಟೋ ಪಕ್ಕ ಮೊಳೆ ಹೊಡೆಯೋಕೆ ಹೊರಟರು. "ಅಲ್ಲಿಗೆ ಈಗಲೇ ಬೇಡ" ಅಂದರು ಅಜ್ಜಿ. ಹಳೇ ಪೇಪರಲ್ಲಿ ಸುತ್ತಿ ಬೀರುವಿನಲ್ಲಿ ಸೀರೆಗಳ ಮಧ್ಯೆ ಇಟ್ಟುಕೊಂಡಿದ್ದಾರೆ. ಮನೆಗೆ ಯಾರಾದರೂ ಬಂದರೆ ತೆಗೆದು ತೋರಿಸ್ತಾರಂತೆ, ಸೆರಗಿನ ವಿಷಯವನ್ನೂ ತಪ್ಪದೆ ಹೇಳ್ತಾರಂತೆ.

ಈ ವಾರ ನಿಮಗೊಂದು ಹೋಮ್‌ವರ್ಕ್. ಊರಿಗೆ ಹೋದಾಗ ಮನೆಯ ಹಿರಿಯರೊಬ್ಬರನ್ನ ಕಿಟಕಿ ಪಕ್ಕವೋ, ಜಗಲಿಯ ಅಂಚಿಗೋ ಕೂರಿಸಿ. ಫ್ಲ್ಯಾಶ್ ಆಫ್ ಮಾಡಿ. ಹತ್ತಿರದ ಕಣ್ಣಿನ ಮೇಲೆ ಬೆರಳಿಟ್ಟು ಬೆಳಕು ಹೊಂದಿಸಿ. ಅವರ ಕೈಗೆ ಏನಾದರೂ ಕೆಲಸ ಕೊಡಿ, ಹತ್ತೇ ಫೋಟೋ ತೆಗೆಯಿರಿ. ಒಂದನ್ನ ಪ್ರಿಂಟ್ ಹಾಕಿಸಿ ಅವರ ಕೈಗೇ ಕೊಡಿ. ಸೆರಗಿನ ಬಗ್ಗೆ ದೂರು ಬಂದರೆ ಬರಲಿ.